ಕಾಮಾ ಮೇಷ್ಟ್ರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಯಾರಾದರೂ ಪಿಎಚ್.ಡಿ. ಮಾಡುತ್ತಿದ್ದಾರೆ ಅಂದರೆ ಅವರ ಫೋನಿನಲ್ಲಿ ಒಂದು ನಂಬರು ಇದ್ದೇ ಇರುತ್ತದೆ. ಮಾರ್ಗದರ್ಶಕರದ್ದಲ್ಲ, ಅವರು ಫೋನು ಎತ್ತುವುದಿಲ್ಲ. ಇದು ಕಾಮಾ ಮೇಷ್ಟ್ರದ್ದು. ಇಂಥವರೊಬ್ಬರು ಪ್ರತಿ ಕಾಲೇಜಿನ ಎದುರಿಗೂ ಸಿಗುತ್ತಾರೆ. ವೃತ್ತಿಯಲ್ಲಿ ಅತಿಥಿ ಉಪನ್ಯಾಸಕರು. ಮಗಳ ಮದುವೆ ಮಾಡುವ ವಯಸ್ಸಾದರೂ ಕಾಲೇಜಿಗೆ ಇನ್ನೂ ಅತಿಥಿಯೇ. ಜೇಬಿನಲ್ಲಿ ಕೆಂಪು ಪೆನ್ನು, ಕೊರಳಲ್ಲಿ ದಾರ ಕಟ್ಟಿದ ಪೆನ್‌ಡ್ರೈವು. ಕೂರುವುದು ಜೆರಾಕ್ಸ್ ಅಂಗಡಿಯಲ್ಲಿ, ಬೈಂಡಿಂಗ್ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ. ಜರ್ನಲ್ಲಿಗೆ ಹೋಗುವ ಲೇಖನದ ಕೊನೆಯ ಪುಟಗಳನ್ನು, ಅಂದರೆ ಪರಾಮರ್ಶನ ಗ್ರಂಥಗಳ ಪಟ್ಟಿಯನ್ನು, ಸರಿಮಾಡಿ ಕೊಡುವುದೇ ಕಸುಬು.

ಮೊದಲ ಪುಟವನ್ನು ಅವರು ನೋಡುವುದೇ ಇಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರು ರಾಶಿಯೊಳಕ್ಕೆ ಕೈ ಇಳಿಸಿ, ತಳದ ಗೂಡು ತೆಗೆದು ನೋಡಿ ಬೆಲೆ ಕಟ್ಟುತ್ತಾನಲ್ಲ, ಹಾಗೆ ಹಿಂದಿನಿಂದಲೇ ತೆರೆಯುತ್ತಾರೆ. ಒಂದು ನಿಮಿಷ ಕಣ್ಣಾಡಿಸಿ, ಕನ್ನಡಕ ಹಣೆಗೇರಿಸಿ ವಿಚಾರಣೆ ಶುರು.

“ಬುಕನನ್ ಓದಿದ್ದೀಯೇನಪ್ಪಾ?”

“ಓದಿದ್ದೀನಿ ಸಾರ್.”

“ಇಸವಿ 1800 ಅಂತ ಹಾಕಿದ್ದೀಯ. ಅದು ಅವನು ಚನ್ನಪಟ್ಟಣಕ್ಕೆ ಬಂದ ವರ್ಷ ಕಣಪ್ಪ. ಆ ಪ್ರವಾಸದ ಪುಸ್ತಕ ಅಚ್ಚಾಗಿದ್ದು ಲಂಡನ್ನಲ್ಲಿ, 1807, ಮೂರು ಸಂಪುಟ. ನಿಮ್ಮ ಸೀನಿಯರ್ ಥೀಸಿಸ್‌ನಿಂದ ಎತ್ತಿದ್ದೀಯ ನೀನು. ಅವನಿಗೂ ತಿದ್ದಿಕೊಟ್ಟಿದ್ದೆ, ಹಳೇ ಫೈಲನ್ನೇ ಪ್ರಿಂಟ್ ಹೊಡೆಸಿದ.”

ಮೇಷ್ಟ್ರು ತಾವು ಬುಕನನ್ ಓದಿದ್ದಾರೆಯೇ ಎಂದು ಕೇಳಬಾರದು. ಅವರ ಮಟ್ಟಿಗೆ ಪುಸ್ತಕವೆಂದರೆ ಶೀರ್ಷಿಕೆಯ ಪುಟ ಮತ್ತು ಅದರ ಬೆನ್ನು. ಉಳಿದದ್ದೆಲ್ಲ ಮೊಳೆ ಜೋಡಿಸಿದವರಿಗೂ ಕರಡು ತಿದ್ದಿದವರಿಗೂ ಬಿಟ್ಟ ವಿಷಯ.

ಅವರ ಹಗೆತನವೆಲ್ಲ ಹೆಸರುಗಳ ಮೇಲೆ. ಇಂಗ್ಲಿಷ್ ಜರ್ನಲ್ಲುಗಳು ಕೇಳುವ ಎಪಿಎ ಶೈಲಿಗೆ ಮನೆತನದ ಹೆಸರು ಮೊದಲು ಬೇಕು, ಆಮೇಲೊಂದು ಕಾಮಾ, ಆಮೇಲೆ ಇನಿಷಿಯಲ್ಲು. ಈ ಕಡೆಯವರಿಗೆ ಮೊದಲು ಊರು, ಆಮೇಲೆ ಅಪ್ಪ, ಜಾಗ ಉಳಿದರೆ ತಾನು. ಪಟ್ಟಿ ಜೋಡಿಸಿಕೊಡುವ ಜೊಟೆರೊ ತಂತ್ರಾಂಶಕ್ಕೆ ಇದೆಲ್ಲ ಯಾರು ಹೇಳಬೇಕು? ಅದು ಕೊನೆಯ ಪದದ ಜುಟ್ಟು ಹಿಡಿದು ಮುಂದಕ್ಕೆಳೆಯುತ್ತದೆ. ಮಾಸ್ತಿ ಹೋಗಿ ‘ಅಯ್ಯಂಗಾರ್, ಎಂ. ವಿ.’ ಆಗುತ್ತಾರೆ. ಇಲ್ಲೇ ಹೆದ್ದಾರಿ ಪಕ್ಕ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ‘ಗೌಡ, ಎಚ್. ಎಲ್. ಎನ್.’ ಆಗಿ, ಗುರುತು ಸಿಗದ ಹಾಗೆ ಕುಳಿತಿರುತ್ತಾರೆ. ಕನಕಪುರದ ರೇಷ್ಮೆ ಬೆಳೆಯ ಮೇಲೆ ಬರೆದ ಹುಡುಗನೊಬ್ಬನ ಲೇಖನದ ಉದ್ದಕ್ಕೂ ಗೌಡ, ಗೌಡ, ಗೌಡ ಮತ್ತು ಇತರರು.

“ಕನಕಪುರ ಬಸ್‌ಸ್ಟ್ಯಾಂಡಲ್ಲಿ ನಿಂತು ಗೌಡ್ರೇ ಅಂತ ಕೂಗಿದರೆ ಯಾರು ತಿರುಗ್ತಾರೋ?”

“ಎಲ್ಲಾರೂವೆ ಸಾರ್.”

“ಇಲ್ಲೂ ಅದೇ ಆಗಿರೋದು.”

ಕನ್ನಡದ ಪತ್ರಿಕೆಗಳಲ್ಲಿ ‘ನಾಗೇಗೌಡ ಎಚ್.ಎಲ್.’ ಎಂದು ನೆಮ್ಮದಿಯಾಗಿ ಹಾಕಬಹುದು. ಅಲ್ಲಿಯ ತಾಪತ್ರಯ ಬೇರೆ: ‘ಸಂ.’ ಅಂದರೆ ಸಂಪಾದಕ, ಸಂಪುಟ, ಸಂಚಿಕೆ, ಸಂಖ್ಯೆ, ಏನು ಬೇಕಾದರೂ ಆದೀತು. ಮಾಗಡಿ, ಚನ್ನಪಟ್ಟಣದ ಶಾಸನಗಳಿರುವುದು ಲೂಯಿ ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ. ಅದನ್ನು ನಮೂದಿಸುವಾಗ ರೈಸ್ ಸಾಹೇಬನೂ ಸಂ., ಒಂಬತ್ತೂ ಸಂ., ಶಾಸನದ ನಂಬರೂ ಸಂ. ಇದನ್ನು ಬಿಡಿಸಿ ಬರೆಯಿರಿ ಎಂದು ಮೇಷ್ಟ್ರು ಎಲ್ಲ ಸಂಪಾದಕರಿಗೂ ಕಾಗದ ಹಾಕಿದ್ದಾರೆ. ಯಾವ ಸಂ.ಯಿಂದಲೂ ಉತ್ತರ ಬಂದಿಲ್ಲ.

ಊರ ಹೆಸರಿನ ರಗಳೆ ಮಾತ್ರ ಒಂದು ಮಟ್ಟಿಗೆ ತೀರಿತು. ರಾಮನಗರ ಟಿಪ್ಪುವಿನ ಕಾಲಕ್ಕೆ ಶಂಷೇರಾಬಾದ್, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಬಂದ ಮೇಲೆ ಕ್ಲೋಸ್‌ಪೇಟೆ, ಆಮೇಲೆ ರಾಮನಗರ. 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆದರು. ಪ್ರಕಟಣೆಯ ಸ್ಥಳ ಏನೆಂದು ಹಾಕುವುದು? ಮೇಷ್ಟ್ರ ಪುಣ್ಯಕ್ಕೆ ಎಪಿಎ ಕೈಪಿಡಿ 2019ರ ಏಳನೆಯ ಆವೃತ್ತಿಯಲ್ಲಿ ಸ್ಥಳವೇ ಬೇಡ, ಪ್ರಕಾಶಕರ ಹೆಸರು ಸಾಕು ಎಂದುಬಿಟ್ಟಿತು. ಕನ್ನಡ ಪತ್ರಿಕೆಗಳು ಮಾತ್ರ ಇನ್ನೂ ಊರು ಕೇಳುತ್ತವೆ, ನೆಂಟಸ್ತನಕ್ಕೆ ಬಂದವರನ್ನು ಕೇಳಿದ ಹಾಗೆ.

ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಹಾರಿಹೋಗುತ್ತದೆ. ಅರ್ಕಾವತಿ ದಂಡೆಯಲ್ಲಿ ಕೂತು ಅದನ್ನು ಹೆಕ್ಕುವುದೂ ಇವರೇ.

ಇಷ್ಟು ಪಾಡೇಕೆ ಅಂದರೆ, ಥೀಸಿಸ್ ಸಲ್ಲಿಸುವ ಮೊದಲು ಜರ್ನಲ್ಲಿನಲ್ಲಿ ಒಂದು ಲೇಖನ ಬಂದಿರಲೇಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿತ್ತು. ಆಗ ಜೆರಾಕ್ಸ್ ಅಂಗಡಿಗೆ ಎರಡನೆಯ ಸ್ಟೂಲು ಬಂತು. 2022ರಲ್ಲಿ ಆ ಕಡ್ಡಾಯ ತೆಗೆದರು, ಸ್ಟೂಲು ಮಾತ್ರ ಖಾಲಿಯಾಗಲಿಲ್ಲ, ಕೆಲಸದ ಅರ್ಜಿಗೆ ಲೇಖನ ಬೇಕಲ್ಲ. ನಕಲು ಪತ್ತೆಗೆ 2018ರಲ್ಲಿ ಮಾಡಿದ ನಿಯಮದಲ್ಲೂ ಒಂದು ತಮಾಷೆಯಿದೆ: ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಗ್ರಂಥಸೂಚಿಯನ್ನು ಆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಆ ಪುಟಗಳನ್ನು ಯಂತ್ರ ನೋಡುವುದಿಲ್ಲ, ಮಾರ್ಗದರ್ಶಕರು ನೋಡುವುದಿಲ್ಲ, ಬರೆದವರಂತೂ ನೋಡಿರುವುದೇ ಇಲ್ಲ. ಭೂಮಿಯ ಮೇಲೆ ನೋಡುವವರು ಮೇಷ್ಟ್ರೊಬ್ಬರೇ.

ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಮಾಗಡಿ ಕಡೆಯ ಹೆಣ್ಣುಮಗಳೊಬ್ಬಳ ಸೋಬಾನೆ ಪದಗಳ ಲೇಖನ ಬಂದಾಗ. ಹಾಡು ಕೊಟ್ಟವರು ಅವಳ ಅಜ್ಜಿ. ಲೇಖನ ಹೋಗುವುದು ಇಂಗ್ಲಿಷ್ ಜರ್ನಲ್ಲಿಗೆ.

“ನಿಮ್ಮಜ್ಜಿ ಹೇಳಿದ್ದು ಪರ್ಸನಲ್ ಕಮ್ಯುನಿಕೇಷನ್ ಕಣಮ್ಮ. ಒಳಗೆ ಒಂದು ಕಂಸದಲ್ಲಿ ಹಾಕಬಹುದು. ಪಟ್ಟಿಗೆ ಬರೋದಿಲ್ಲ.”

“ಅಜ್ಜಿ ಪದಗಳನ್ನ ಬರ್ಕೊಂಡು ಪುಸ್ತಕ ಮಾಡಿದೋರು ಪಟ್ಟೀಲಿ ಬತ್ತಾರೆ, ಅಜ್ಜಿ ಬರಲ್ವಾ ಸಾರ್?”

ಮೇಷ್ಟ್ರು ಟೀ ತರಿಸಿದರು. ಕನ್ನಡದ ಜಾನಪದ ಪ್ರಬಂಧಗಳ ಕೊನೆಯಲ್ಲಿ ವಕ್ತೃಗಳ ಪಟ್ಟಿ ಕೊಡುವ ಒಳ್ಳೆಯ ರೂಢಿಯಿದೆ: ಹೆಸರು, ವಯಸ್ಸು, ಊರು. ಹೊರದೇಶದ ಕೈಪಿಡಿಗಿಂತ ಈ ರೂಢಿಯೇ ನ್ಯಾಯವಂತ ಎನ್ನುವುದು ನನ್ನ ಅಭಿಪ್ರಾಯ, ಮೇಷ್ಟ್ರದ್ದೂ ಅದೇ ಎಂದು ಅವತ್ತು ಗೊತ್ತಾಯಿತು. ‘ಅನುಬಂಧ’ ಎಂದು ಒಂದು ಹೊಸ ಪುಟ ತೆಗೆದು ಅಜ್ಜಿಯನ್ನು ಒಳಗೆ ಕರೆದುಕೊಂಡರು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ?

“ಅಜ್ಜಿ ಇನಿಷಿಯಲ್ ಏನಮ್ಮ?”

“ಇಲ್ಲ ಸಾರ್.”

“ರೇಷನ್ ಕಾರ್ಡಲ್ಲಿ?”

“ಅದ್ರಲ್ಲಿ ತಾತನ ಹೆಸರೈತೆ.”

“ತಾತ ಹಾಡ್ತಾರಾ?”

“ಅಯ್ಯೋ, ಇಲ್ಲ ಸಾರ್.”

“ಹಂಗಾರೆ ಬೇಡ ಬಿಡು,” ಎಂದು ಬರಿಯ ಹೆಸರನ್ನೇ ಇಟ್ಟರು. ಇನಿಷಿಯಲ್ಲಿಲ್ಲದ ಹೆಸರನ್ನು ಅವರು ಹಾಗೆ ಬಿಟ್ಟದ್ದನ್ನು ಜೆರಾಕ್ಸ್ ಅಂಗಡಿಯವನು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ.

ಮೇಷ್ಟ್ರದ್ದೂ ಒಂದು ಪಿಎಚ್.ಡಿ. ಇದೆ, ನೋಂದಣಿಯ ಹಂತದಲ್ಲಿ. ಪರಾಮರ್ಶನ ಗ್ರಂಥಗಳ ಪಟ್ಟಿ ಪೂರ್ತಿ ಸಿದ್ಧ. ಕೈಪಿಡಿ ಬದಲಾದಾಗಲೆಲ್ಲ ಅದನ್ನೂ ಬದಲಾಯಿಸಿದ್ದಾರೆ. ಅದರ ಮುಂದೆ ಬರಬೇಕಾದ ಪ್ರಬಂಧ ಬರೆಯುವುದಷ್ಟೇ ಬಾಕಿ.

ಡಾಕ್ಟರಾದವರು ಬೈಂಡು ಮಾಡಿಸಿದ ಪ್ರತಿ ತಂದುಕೊಡುತ್ತಾರೆ, ಜೊತೆಗೆ ಅರ್ಧ ಕೆ.ಜಿ. ಮೈಸೂರು ಪಾಕು. ಹೋದ ತಿಂಗಳು ಒಬ್ಬ ತಂದ. ‘ನೆನಕೆ’ಯ ಪುಟದಲ್ಲಿ ಮಾರ್ಗದರ್ಶಕರು, ಮಾವನವರು, ಕುಲದೇವರು, ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಕೊಟ್ಟ ಷಡ್ಡಕ, ಎಲ್ಲರೂ ಇದ್ದರು. ಮೇಷ್ಟ್ರ ಹೆಸರಿರಲಿಲ್ಲ. ಅಂಗಡಿಯವನು ಅದನ್ನು ತೋರಿಸಿ, “ನೋಡಿ ಸಾರ್, ನಿಮ್ಮನ್ನೇ ಬಿಟ್ಟವ್ನೆ,” ಅಂದ. ಮೇಷ್ಟ್ರು ಅಷ್ಟರಲ್ಲಾಗಲೇ ಕೊನೆಯ ಪುಟಕ್ಕೆ ಹೋಗಿದ್ದರು. “ನನ್ನ ಬಿಟ್ಟರೆ ಬಿಡಲಿ ಕಣಯ್ಯಾ,” ಎಂದು ಕೆಂಪು ಪೆನ್ನಿನ ಮುಚ್ಚಳ ತೆಗೆದರು, “ಪುಟಸಂಖ್ಯೆ ಆದಮೇಲೆ ಫುಲ್‌ಸ್ಟಾಪ್ ಯಾಕೆ ಬಿಟ್ಟ?”