ಬುತ್ತಿ ಡಬ್ಬಿ ಬಾಯಿ ಬಿಟ್ಟಾಗ

ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಓದುವ ಹುಡುಗರ ಖರ್ಚಿನ ಬಗ್ಗೆ ಹುಡುಗರನ್ನೇ ಕೇಳಿ ಉಪಯೋಗವಿಲ್ಲ. ಅವರ ಬಳಿ ಅಪ್ಪನಿಗೆ ತೋರಿಸುವುದೊಂದು ಲೆಕ್ಕ, ಗೆಳೆಯರಿಗೊಂದು, ವಿದ್ಯಾರ್ಥಿವೇತನದ ಅರ್ಜಿಗೆ ಮತ್ತೊಂದು ಲೆಕ್ಕ ಇರುತ್ತದೆ. ಹಾಗಾಗಿ ಪತ್ರಿಕೆಯ ಪ್ರತಿನಿಧಿ ಒಳಗಿನವರನ್ನೇ ಹಿಡಿದರು: ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವ ಹುಡುಗನೊಬ್ಬನಿಗೆ ನವಲಗುಂದ ತಾಲ್ಲೂಕಿನ ಹಳ್ಳಿಯಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವ ಸ್ಟೀಲಿನ ಬುತ್ತಿ ಡಬ್ಬಿ. ಮುಚ್ಚಳದ ಮೇಲೆ ಹುಡುಗನ ಅವ್ವನ ಹೆಸರು ಕೊರೆದಿದೆ. ಪಕ್ಕೆಯಲ್ಲಿ ದೊಡ್ಡದೊಂದು ನೆಗ್ಗು.

ಪ್ರಯಾಣದಲ್ಲಿ ಪೆಟ್ಟಾಯಿತೇ ಎಂದು ಪ್ರತಿನಿಧಿ ವಿಚಾರಿಸಿದರು.

‘ಅದು ನಮ್ಮ ಕಸಬಿನ ಗುರುತುರಿ. ನಮ್ಮ ಹಿರ್‍ಯಾರು ಅರಿವಿ ಗಂಟಿನ್ಯಾಗ ಬರ್ತಿದ್ರು, ಅವರಿಗೆ ನೆಗ್ಗು ಬೀಳ್ತಿರಲಿಲ್ಲ. 2021ರಾಗ ಸಾರಿಗೆ ಸಂಸ್ಥೆಯವರು “ನಮ್ಮ ಕಾರ್ಗೋ” ಅಂತ ತೆಗೆದ್ರು. ತೂಕ, ದರ, ರಸೀದಿ ಎಲ್ಲಾ ಬಂತು. ಆದ್ರ ನಾ ಕಾರ್ಗೋ ಅಲ್ರಿ, ಬುತ್ತಿ. ಡ್ರೈವರಣ್ಣನ ಸೀಟಿನ ಹಿಂದ ಕುಂತು ಬರ್ತೀನಿ. ಹುಡುಗ ಸ್ಟ್ಯಾಂಡಿಗೆ ಬರೋದು ತಡಾ ಆದ್ರ ಕಂಡಕ್ಟರ್ ಬೈತಾನ. ಅಷ್ಟ ನನ್ನ ಚಾರ್ಜು.’

ಮೊದಲು ಈ ಊರಿಗೆ ಓದಲು ಬಂದ ಬಡ ಹುಡುಗರು ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ವಾರಾನ್ನ ಉಣ್ಣುತ್ತಿದ್ದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ದೊಡ್ಡವರಾದವರೂ ಬಹಳ ಮಂದಿ. ಇವರನ್ನೆಲ್ಲ ಡಬ್ಬಿ ಗೌರವದಿಂದಲೇ ನೆನೆಯಿತು. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಎಂದು 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಉಳಿದ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನಿನ ಮಾತೆತ್ತಿದಾಗ ಮಾತ್ರ ಮುಚ್ಚಳ ಸ್ವಲ್ಪ ಬಿಗಿಯಾಯಿತು. ‘ಅಲ್ಲಿ ಖಡಕ್ ರೊಟ್ಟಿ ಕೊಡ್ತಾರೇನ್ರಿ?’

ಅಸಲಿ ಭಯ ಬೇರೆಯೇ ಇದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ‘ಅವ್ವ ಈಗ ತಾನ ಬಂದಬಿಡ್ತಾಳ. ಟಿಕೆಟ್ ಸೊನ್ನೆ. ಬುತ್ತಿ ಕೊಡಾಕ ಬಂದಾಕಿ ಖೋಲಿ ಕಸ ಹೊಡದು, ಅರಿವಿ ತೊಳದು, ಮಾಲಕ್ರ ಹೆಂಡ್ತಿ ಜೊತಿ ಚಹಾ ಕುಡದು ಹೊಳ್ಳಿ ಹೋಗ್ತಾಳ. ಹಿಂಗಾದ್ರ ನನ್ನ ಗತಿ ಏನು?’

ಪ್ರತಿನಿಧಿ ಮಾತನ್ನು ಹುಡುಗನ ಲೆಕ್ಕಕ್ಕೆ ತಿರುಗಿಸಿದರು. ಅವನು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆಯನ್ನೇ ಇಟ್ಟಿದ್ದಾನೆ, ಅರ್ಥಶಾಸ್ತ್ರದ ವಿದ್ಯಾರ್ಥಿ ತಾನೆ. ಬಾಡಿಗೆ, ಗ್ಯಾಸು, ಕರೆಂಟು, ಝೆರಾಕ್ಸು, ಭಾನುವಾರದ ಖಾನಾವಳಿ, ಇತರೆ. ಎಲ್ಲಕ್ಕಿಂತ ದೊಡ್ಡ ಮೊತ್ತ ‘ಇತರೆ’ಯದು.

‘ಆ ಇತರೆ ಅಂದ್ರ ಏನಂತ ನನಗ ಗೊತ್ತೈತ್ರಿ,’ ಎಂದಿತು ಡಬ್ಬಿ. ‘ಮೊದಲ ಅವ್ವ ರೊಟ್ಟಿ ನಡುವ ನೂರರ ನೋಟು ಮಡಚಿ ಇಡ್ತಿದ್ಲು. ಅದಕ್ಕ ಚಟ್ನಿ ವಾಸನಿ ಹತ್ತಿರತಿತ್ತು. ಅದನ್ನ ಮುರಸಾಕ ಹುಡುಗನಿಗೆ ಮನಸು ಬರ್ತಿರಲಿಲ್ಲ, ವಾರಗಟ್ಲೆ ಪುಸ್ತಕದಾಗ ಇಟ್ಕೊಂಡಿರ್ತಿದ್ದ. ಈಗ ರೊಕ್ಕ ಫೋನಿಗೆ ಬರ್ತೈತಿ. ಚಹಾಕ್ಕ ಒಮ್ಮೆ ಟಿಣ್, ಗಿರ್ಮಿಟ್‌ಗೆ ಒಮ್ಮೆ ಟಿಣ್, ಮಿರ್ಚಿಗೆ ಮತ್ತೊಮ್ಮೆ. ನೋಟು ಮುರಿಯೋ ನೋವ ಇಲ್ಲ.’

ಕರೆಂಟಿನ ಸಾಲಿನಲ್ಲಿ ಮೊತ್ತ ಕಂಡು ಪ್ರತಿನಿಧಿಗೆ ಆಶ್ಚರ್ಯ. ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ಟಿನವರೆಗೆ ಬಿಲ್ಲಿಲ್ಲ, ಬಾಡಿಗೆದಾರರಿಗೂ ಅನುಕೂಲ ಉಂಟಲ್ಲ? ‘ಉಂಟುರಿ, ಮೀಟರ್ ಬ್ಯಾರೆ ಇದ್ರ. ಇಲ್ಲಿ ನಾಕು ಖೋಲಿಗೆ ಒಂದ ಮೀಟರ್. 200 ದಾಟಿದ್ರ ಪೂರಾ ಬಿಲ್ಲು ಹುಡುಗರ ತಲಿ ಮ್ಯಾಲ, ದಾಟದಿದ್ರೂ ಮಾಲಕ್ರು ತಗೊಳ್ಳೋದು ತಗೊಳ್ತಾರ. ಸರ್ಕಾರ ಬಿಟ್ಟಿ ಕೊಟ್ಟೈತಿ, ಮಾಲಕ್ರು ಕೊಟ್ಟಿಲ್ಲ. ಇಂಡಕ್ಷನ್ ಒಲಿಯಂತೂ ಬಾಗಲದಾಗ ಬರಂಗಿಲ್ಲ.’ ಎರಡು ಸಾವಿರ ವ್ಯಾಟಿನ ಒಲೆ ಅರ್ಧ ತಾಸು ಪೂರ್ತಿ ಉರಿದರೆ ಒಂದು ಯೂನಿಟ್. ಮಾಲೀಕರು ಬೇರೆ ಯಾವ ವಿಜ್ಞಾನ ಮರೆತರೂ ಇದನ್ನು ಮರೆತಿಲ್ಲ.

ಹಾಗಾಗಿ ಅಡುಗೆಗೆ ಐದು ಕಿಲೋದ ‘ಛೋಟು’ ಸಿಲಿಂಡರ್. ಮನೆಬಳಕೆಯ 14.2 ಕಿಲೋದ ಸಿಲಿಂಡರಿಗೆ ವಿಳಾಸದ ಪುರಾವೆ ಬೇಕು, ಛೋಟುವಿಗೆ ಗುರುತಿನ ಚೀಟಿ ಸಾಕು. ಹನ್ನೊಂದು ತಿಂಗಳ ಕರಾರುಪತ್ರ ಕೇಳಿದರೆ ಖೋಲಿಯನ್ನೇ ಬಿಡು ಎನ್ನುವ ಊರಿನಲ್ಲಿ ವಿಳಾಸದ ಪುರಾವೆ ಎಲ್ಲಿಂದ ತರಬೇಕು? ಆದರೆ ಕಿಲೋ ಲೆಕ್ಕ ಹಾಕಿದರೆ ಚಿಕ್ಕ ಸಿಲಿಂಡರೇ ತುಟ್ಟಿ. ಕೈಯಲ್ಲಿ ಕಡಿಮೆ ದುಡ್ಡಿದ್ದವನೇ ಹೆಚ್ಚು ದರ ತೆರಬೇಕು ಎಂಬ ಪಾಠವನ್ನು ಹುಡುಗ ತರಗತಿಗೆ ಹೋಗದೆಯೇ ಕಲಿತಿದ್ದಾನೆ.

ವಿದ್ಯಾರ್ಥಿವೇತನದ ವಿಷಯಕ್ಕೆ ಬಂದಾಗ ಡಬ್ಬಿ ಖಣಖಣ ಸದ್ದು ಮಾಡಿತು. ಬಹುಶಃ ನಗು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ, ವಸತಿಗೆಂದು ಶುರುವಾದ ವಿದ್ಯಾಸಿರಿಯಲ್ಲಿ ಮೊದಲು ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ‘ದಿನಕ್ಕ ಐವತ್ತು ರೂಪಾಯಿ. ಅದರಾಗ ಖೋಲಿನೂ ಆಗಬೇಕು, ಊಟಾನೂ ಆಗಬೇಕು. ಉಳಿದೆರಡು ತಿಂಗಳು ಹೊಟ್ಟಿಗೂ ಸೂಟಿ ಏನ್ರಿ? ಇನ್ನ ಯುವನಿಧಿ ನೋಡ್ರಿ. ಡಿಗ್ರಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ರ ತಿಂಗಳಿಗೆ 3,000, ಎರಡು ವರ್ಷ. ಮುಂದ ಓದಾಕ ಹೋದ್ರ ಅದು ಇಲ್ಲ. ಇವ ಬಿ.ಎ. ಮುಗಿಸಿ ಕಟ್ಟಿ ಮ್ಯಾಲ ಕುಂತಿದ್ರ ಅದಕ್ಕ ಅರ್ಜಿ ಹಾಕಬಹುದಿತ್ತು. ಎಂ.ಎ.ಗೆ ಸೇರಿ ಕೆಟ್ಟ.’

ಎರಡು ಯೋಜನೆಗಳ ಉದ್ದೇಶವೇ ಬೇರೆ ಎಂದು ಪ್ರತಿನಿಧಿ ಸಮಜಾಯಿಷಿ ಕೊಟ್ಟರು. ‘ಹೊಟ್ಟಿ ಒಂದ ಐತಲ್ರಿ,’ ಎಂದಿತು ಡಬ್ಬಿ.

ಹುಡುಗನ ಎಕ್ಸೆಲ್ ಹಾಳೆಯ ಕೊನೆಯ ಸಾಲಿಗೆ ಪ್ರತಿನಿಧಿ ಆಗ ಬಂದರು. ‘ಮನೆ ಊಟ’ ಎಂಬುದರ ಮುಂದೆ ಸೊನ್ನೆ.

ಡಬ್ಬಿ ತಾನಾಗಿ ಮುಚ್ಚಳ ತೆರೆಯಿತು. ಒಳಗೆ ಎರಡು ಡಜನ್ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಮೇಲೆ ಒಂದು ಹಿಡಿ ಮಾದಲಿ. ‘ಇದು ಸೊನ್ನೇನ್ರಿ? ಜ್ವಾಳ ಹೊಲದ್ದು, ಅದಕ್ಕ ಸೊನ್ನೆ. ಶೇಂಗಾ ಹೊಲದ್ದು, ಸೊನ್ನೆ. ಅವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡೀತಾಳ, ಅದಕ್ಕೂ ಸೊನ್ನೆ. ತಿಂಗಳಿಗೆ ಇಷ್ಟರಾಗ ಬಾಳೇವು ಮಾಡ್ತೀನಿ ಅಂತ ಗೆಳ್ಯಾರ ಮುಂದ ಎದಿ ಉಬ್ಬಿಸ್ತಾನ. ಬಾಳೇವು ಇವ ಮಾಡ್ಲಿಕತ್ತಿಲ್ರಿ. ಇವನ ಬಾಳೇವು ಅಕಿ ಮಾಡ್ಲಿಕತ್ತಾಳ.’

ತಪ್ಪು ಹುಡುಗನೊಬ್ಬನದೇ ಅಲ್ಲ, ಅವನ ಪಠ್ಯದ್ದೂ ಹೌದು. ಮನೆಮಂದಿಗಾಗಿ ಸಂಬಳವಿಲ್ಲದೆ ಮಾಡುವ ಅಡುಗೆಗೆ ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಜಾಗವಿಲ್ಲ. ಖಾನಾವಳಿಯಲ್ಲಿ ಬಡಿದ ರೊಟ್ಟಿ ಆ ಲೆಕ್ಕಕ್ಕೆ ಸೇರುತ್ತದೆ, ಅದೇ ಹಿಟ್ಟಿನಿಂದ ಅವ್ವ ಬಡಿದದ್ದು ಸೇರುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಇಂಥ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಈ ಅಂಕಿ ಹುಡುಗನ ನೋಟ್ಸಿನಲ್ಲೇ ಇದೆ, ಪರೀಕ್ಷೆಗೆ ಬರುತ್ತದೆಂದು ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದಿದ್ದಾನೆ. ಎಕ್ಸೆಲ್ ಹಾಳೆಗೆ ಮಾತ್ರ ಅದು ಇನ್ನೂ ಇಳಿದಿಲ್ಲ.

ಇನ್ನು ಗೃಹಲಕ್ಷ್ಮಿ. ಅವ್ವನ ಖಾತೆಗೆ ಬರುವ 2,000 ರೂಪಾಯಿ ಅದೇ ದಿನ ಧಾರವಾಡಕ್ಕೆ ರವಾನೆಯಾಗುತ್ತದೆ. ಹಾಳೆಯಲ್ಲಿ ಅದು ‘ಆದಾಯ’. ಡಬ್ಬಿಯ ಭಾಷೆಯಲ್ಲಿ ಅದಕ್ಕೆ ಬೇರೆ ಹೆಸರಿದೆ, ಅಚ್ಚು ಹಾಕುವಂತಿಲ್ಲ.

ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಓದುಗ ವಿದ್ಯಾರ್ಥಿಗಳಿಗೆ ಏನಾದರೂ ಸಂದೇಶ ಉಂಟೇ ಎಂದು ಪ್ರತಿನಿಧಿ ವಾಡಿಕೆಯಂತೆ ಕೇಳಿದರು.

‘ಐತ್ರಿ. ಡಬ್ಬಿ ತೊಳದು ಕಳಸ್ರಿ. ಮುಚ್ಚಳಾನೂ.’