ಮನೆಮಟ್ಟಿಗೆ ಮಾತ್ರ

ಆಡಂಬರಪ್ರಿಯರಿಂದ ಸಂಸಾರಸ್ಥನಿಗೆ ಒದಗುವ ವ್ಯಯವನ್ನು ಮುಂಚಿತವಾಗಿ ಅಂದಾಜು ಮಾಡಬಹುದು. ಏಕೆಂದರೆ ಅವರು ಮಂಟಪ, ವಾದ್ಯ, ಅಡಿಗೆಯವರ ತಂಡವೆಂದು ಪಟ್ಟಿಯನ್ನು ಮೊದಲೇ ಮುಂದಿಟ್ಟು ನಮ್ಮನ್ನು ಎಚ್ಚರಿಸಿರುತ್ತಾರೆ. ಆದರೆ ಸರಳತೆಯನ್ನೇ ವ್ರತವಾಗಿ ಹಿಡಿದು, ಪರರ ಮನೆಯ ಶುಭಕಾರ್ಯಗಳನ್ನೆಲ್ಲ 'ಮನೆಮಟ್ಟಿಗೆ' ನೆರವೇರಿಸಿಕೊಡಲು ಕಂಕಣಬದ್ಧರಾದ ಮಹನೀಯರಿದ್ದಾರಲ್ಲ, ಅವರ ಕೈಗೆ ಸಿಕ್ಕವನಿಗೆ ಅಂದಾಜೆಂಬುದೇ ಇಲ್ಲ. ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕರಾವಳಿಯಲ್ಲಿ ಇಂಥವರು ಕುಟುಂಬಕ್ಕೊಬ್ಬರಾದರೂ ಇದ್ದೇ ಇರುತ್ತಾರೆ. ಪ್ರಾಯಶಃ ನಿವೃತ್ತರು, ಉಳಿದವರ ಚಹಾ ಮುಗಿಯುವುದರೊಳಗೆ ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟು ಸಿದ್ಧರಾಗಿರತಕ್ಕವರು, ಕಿಸೆಯಲ್ಲಿ ಒಂದು ಡೈರಿಯನ್ನೂ ಅದಕ್ಕೆ ರಬ್ಬರು ಪಟ್ಟಿಯಿಂದ ಬಿಗಿದ ಪೆನ್ನನ್ನೂ ಧರಿಸಿರತಕ್ಕವರು. ಕೊಪ್ಪರಿಗೆ ಯಾರ ಮನೆಯ ಅಟ್ಟದಲ್ಲಿದೆ, ಶಾಮಿಯಾನದವನು ಯಾವ ದಿನ ಬಿಡುವಾಗಿದ್ದಾನೆ, ಬಾಳೆಲೆ ಯಾವ ತೋಟದಲ್ಲಿ ಹರಿಯದೆ ಉಳಿದಿದೆ ಎಂಬುದೆಲ್ಲ ಆ ಡೈರಿಯಲ್ಲಿದೆ.

ನನ್ನ ಪಾಲಿಗೆ ದೈವವು ಕರುಣಿಸಿರುವುದು ಕುಮಟೆಯ ಭಾವನವರನ್ನು, ಎಂದರೆ ನನ್ನ ಹೆಂಡತಿಯ ಹಿರಿಯಣ್ಣನನ್ನು. ರಜೆಗೆಂದು ಬೆಂಗಳೂರಿನಿಂದ ಹೊನ್ನಾವರದ ನಮ್ಮ ಮನೆಗೆ ಬಂದಿದ್ದ ಮಗಳು, ತನ್ನ ಕೂಸಿಗೆ ಮೇ ತಿಂಗಳಲ್ಲಿ ನಾಲ್ಕು ತುಂಬುವುದರಿಂದ, ನೆರೆಹೊರೆಯ ನಾಲ್ಕೈದು ಮಕ್ಕಳನ್ನು ಕರೆದು, ಒಂದು ಕೇಕು, ಕಾಯಿತುರಿ ಹಾಕಿ ಕಲಸಿದ ಅವಲಕ್ಕಿ, ಮುರುಗಲು ಪಾನಕ, ಇಷ್ಟರಲ್ಲಿ ಸಂಜೆ ನಾಲ್ಕೂವರೆಯಿಂದ ಆರರೊಳಗೆ ಎಲ್ಲವನ್ನೂ ಮುಗಿಸುವುದೆಂದು ನಿಶ್ಚಯಿಸಿದ್ದಳು. ಮಗುವಿಗೆ ಎಷ್ಟು ವರ್ಷವೋ ಅಷ್ಟೇ ಮಂದಿ ಅತಿಥಿಗಳಿರಬೇಕೆಂಬ ಸೂತ್ರವೊಂದು ಪಾಶ್ಚಾತ್ಯ ತಾಯಂದಿರಲ್ಲಿ ರೂಢಿಯಲ್ಲಿದೆಯೆಂದೂ, ಅದಕ್ಕಿಂತ ಹೆಚ್ಚು ಗದ್ದಲವನ್ನು ಎಳೆಯ ಮಕ್ಕಳು ತಾಳಲಾರರೆಂದೂ ಅವಳು ನಮಗೆ ವಿವರಿಸುತ್ತಿರುವಾಗಲೇ, ಕೈಯಲ್ಲಿ ಜಡೆ ಹೆಣೆದ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲನ್ನು ತೂಗಾಡಿಸುತ್ತ ಭಾವನವರು ಜಗಲಿಯನ್ನೇರಿದರು.

"ಸರಿಯಾಗಿ ಹೇಳಿದೆ ಕೂಸೇ. ಮನೆಮಟ್ಟಿಗೆ ಮಾಡುವ. ಎಂತಕ್ಕೆ ಗೌಜು?" ಎಂದು ಅವರು ಡೈರಿಯ ರಬ್ಬರು ಪಟ್ಟಿಯನ್ನು ಬಿಚ್ಚಿದ ಕ್ಷಣದಲ್ಲಿಯೇ ನಾನು ಎದ್ದು ತೋಟಕ್ಕೆ ಹೋಗಿಬಿಡಬೇಕಾಗಿತ್ತು.

ಭಾವನವರ ತರ್ಕಶಾಸ್ತ್ರದಲ್ಲಿ ಇರುವುದು ಒಂದೇ ಸೂತ್ರ: ಇವರನ್ನು ಕರೆದ ಮೇಲೆ ಅವರನ್ನು ಬಿಡಲಾದೀತೇ? ನೆರೆಮನೆಯ ಮಕ್ಕಳು ಬರುವುದಾದರೆ ಅವರ ತಾಯಂದಿರು ಗೇಟಿನಲ್ಲಿ ನಿಂತು ಹಿಂದಿರುಗುವುದು ಶೋಭೆಯಲ್ಲ. ತಾಯಂದಿರು ಬಂದಮೇಲೆ ಅಜ್ಜಿಯರು ಮನೆಯಲ್ಲಿ ಒಬ್ಬರೇ ಕುಳಿತು ಏನು ಮಾಡಬೇಕು? ಪರರ ಅಜ್ಜಿಯರನ್ನು ಕರೆದು ಕರ್ಕಿಯಲ್ಲಿರುವ ಸ್ವಂತ ಅತ್ತೆಯನ್ನು ಬಿಡುವುದು ಯಾವ ನ್ಯಾಯ? ಕರ್ಕಿಯವರೆಗೆ ಹೋದವನು ಹಳದೀಪುರದ ಮುಂದೆ ಮುಖ ತಗ್ಗಿಸಿ ಬರುವುದುಂಟೇ? ಹೀಗೆ ಉತ್ತರದಿಕ್ಕಿನಲ್ಲಿ ಧಾರೇಶ್ವರ, ಕುಮಟೆಗಳನ್ನು ದಾಟಿ, ಅಘನಾಶಿನಿಯ ಆಚೆಯ ಮಿರ್ಜಾನದಲ್ಲಿ ಪಟ್ಟಿ ಒಂದಿಷ್ಟು ದಣಿವಾರಿಸಿಕೊಂಡಿತೆಂದು ನಾನು ಉಸಿರು ಬಿಡುವಷ್ಟರಲ್ಲಿ, ಅವರು ಕನ್ನಡಕವನ್ನು ಒರೆಸಿಕೊಂಡು, "ಬಡಗಣದವರನ್ನೆಲ್ಲ ಕರೆದು ಶರಾವತಿಯ ತೆಂಕಣದವರನ್ನು ಬಿಟ್ಟರೆ ನಾಳೆ ಮುಖ ತೋರಿಸುವುದು ಹ್ಯಾಂಗೆ?" ಎಂದರು. ಪಟ್ಟಿಯು ಸೇತುವೆ ದಾಟಿತು. ಕಾಸರಕೋಡು, ಮಂಕಿ, ಮುರುಡೇಶ್ವರ, ಶಿರಾಲಿ, ಭಟ್ಕಳ. ಹಿಂದೆಲ್ಲ ಹೊಳೆಯ ಅಡ್ಡಿಯನ್ನು ಹೇಳಿ ದೂರದವರು ತಪ್ಪಿಸಿಕೊಳ್ಳಬಹುದಾಗಿತ್ತು. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ತಿಯಾಗಿ ತೆರೆದಂದಿನಿಂದ ಅವರಿಗೆ ಆ ನೆಪವೂ ಇಲ್ಲ, ನಮಗೆ ಆ ರಕ್ಷೆಯೂ ಇಲ್ಲ. ಅಘನಾಶಿನಿಯ ದಂಡೆಯ ಗಜನಿಗಳಲ್ಲಿ ಕಟ್ಟೆಯ ಒಂದು ಬಿರುಕಿನಿಂದ ಒಳಹೊಕ್ಕ ಉಪ್ಪುನೀರು ಬೆಳಗಾಗುವುದರೊಳಗೆ ಗದ್ದೆಯನ್ನೆಲ್ಲ ಆಕ್ರಮಿಸಿಬಿಡುವಂತೆ ಆ ಪಟ್ಟಿಯು ನಾಲ್ಕು ಮಕ್ಕಳಿಂದ ತೊಡಗಿ ನೂರಿಪ್ಪತ್ತು ಜನರವರೆಗೆ ವ್ಯಾಪಿಸಿತು. ಮತ್ತು ಪ್ರತಿಯೊಂದು ಹೆಸರನ್ನು ಬರೆದಾಗಲೂ ಭಾವನವರು, "ಇದಿಷ್ಟೇ, ಹೆಚ್ಚು ಬೇಡ" ಎಂದು ನನ್ನನ್ನು ಸಮಾಧಾನಪಡಿಸುತ್ತಲೇ ಇದ್ದರು.

ಅವರ ಉಳಿದ ಗುಣಗಳನ್ನು ಬೇಗನೆ ಹೇಳಿಬಿಡುತ್ತೇನೆ. ಇಂಗ್ಲಿಷ್ ತಾರೀಖು ಒಂದು ದಿನ, ಜನ್ಮತಿಥಿ ಇನ್ನೊಂದು ದಿನವಾದ್ದರಿಂದ, ಯಾರಿಗೂ ನೋವಾಗದಂತೆ ಎರಡೂ ದಿನ ಆಚರಿಸಬೇಕೆಂದು ತೀರ್ಪಿತ್ತರು. ತಿಥಿಯ ದಿನ ಪುರೋಹಿತರು ಬಂದು ಅಶ್ವತ್ಥಾಮನಿಂದ ಪರಶುರಾಮನವರೆಗಿನ ಏಳು ಮಂದಿ ಚಿರಂಜೀವಿಗಳನ್ನೂ ಎಂಟನೆಯವನಾದ ಮಾರ್ಕಂಡೇಯನನ್ನೂ ಆವಾಹಿಸಿ, ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಕೂಸಿನ ಬೊಗಸೆಗೆ ಹಾಕಿದರು. ಕೂಸು ಅದನ್ನು ಪುರೋಹಿತರ ಮಡಿಯ ಮೇಲೆಯೇ ಉಗುಳಿತು. ಭಟ್ಕಳದ ಮಲ್ಲಿಗೆ ಬುಟ್ಟಿಗಟ್ಟಲೆ ಬಂತು. ಅವಲಕ್ಕಿಯು ಹೋಳಿಗೆಯಾಗಿಯೂ ಪಾನಕವು ಅಪ್ಪೆಹುಳಿಯಾಗಿಯೂ ಬಡ್ತಿ ಹೊಂದಿದವು. ಅಂಕೋಲೆಯ ಇಶಾಡು ಮಾವಿನ ರಸಾಯನವು ಯಾರೂ ಕೇಳದೆಯೇ ನಡುವೆ ಸೇರಿಕೊಂಡಿತು. ಬಲೂನಿಗೆ ಗಾಳಿ ತುಂಬುವ ಪಂಪು ಮಾತ್ರ ದುಂದುಗಾರಿಕೆಯೆನಿಸಿ ತಿರಸ್ಕೃತವಾಯಿತು. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿಯು ಜಲಜನಕದ ಪ್ರಯೋಗಕ್ಕಾಗಿ ರಬ್ಬರಿನ ಎರಡು ಹಾಳೆಗಳನ್ನು ಅಂಟಿಸಿ ಈ ವಸ್ತುವನ್ನು ಮೊದಲು ನಿರ್ಮಿಸಿದಾಗ, ಮುಂದೊಂದು ದಿನ ಹೊನ್ನಾವರದ ಜಗಲಿಯಲ್ಲಿ ಅರವತ್ತು ದಾಟಿದ ಇಬ್ಬರು ಗೃಹಸ್ಥರು ಕೆನ್ನೆಯುಬ್ಬಿಸಿ ಎದುರುಬದುರು ಕುಳಿತಿರುವರೆಂದು ಊಹಿಸಿರಲಾರನು. ನಾನು ಊದಿದವು ಸೆಕೆಗೆ ಒಡೆದವು. ಭಾವನವರು ಊದಿದವು ಮರುವಾರದವರೆಗೂ ಉಳಿದಿದ್ದವು; ಅದನ್ನು ಅವರು ಈಗಲೂ ಎಲ್ಲರಿಗೂ ಹೇಳುತ್ತಾರೆ.

ಆದರೆ ಇವೆಲ್ಲವನ್ನೂ ನಾನು ಕ್ಷಮಿಸಿಯೇನು, ತಾಳಮದ್ದಳೆಯೊಂದನ್ನು ಬಿಟ್ಟು.

"ಇಷ್ಟು ಜನ ಹಿರಿಯರು ಬಂದು ಬರಿದೇ ಕೇಕು ನೋಡುತ್ತ ಕೂರುವುದೇ? ಮನೆಮಟ್ಟಿಗೆ ಒಂದು ಸಣ್ಣ ತಾಳಮದ್ದಳೆ ಇರಲಿ. ವೇಷದ ಖರ್ಚು ಸಹ ಇಲ್ಲ" ಎಂದರು ಭಾವನವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ಗುಣವಂತೆಯು ನಮ್ಮ ತಾಲೂಕಿನಲ್ಲಿಯೇ ಇರುವಾಗ, ಹೊನ್ನಾವರದ ನೀರು ಕುಡಿದವನು ಯಕ್ಷಗಾನವನ್ನು ಬೇಡವೆನ್ನುವುದು ಹೇಗೆ? ಪ್ರಸಂಗ ಕೃಷ್ಣಸಂಧಾನ. ಕೌರವನ ಅರ್ಥಕ್ಕೆ ಹಳದೀಪುರದ ನಿವೃತ್ತ ಅಧಿಕಾರಿಯೊಬ್ಬರು, ಕೃಷ್ಣನಿಗೆ ಶಿರಾಲಿಯ ಮಾಸ್ತರರೊಬ್ಬರು. ಇಬ್ಬರೂ ಮಾತಿನಲ್ಲಿ ಒಬ್ಬರಿಗೊಬ್ಬರು ಸೋತು ಗೊತ್ತಿಲ್ಲದವರು. ಐದೂವರೆಗೆ ಭಾಗವತರು ತಾಳ ಹಿಡಿದರು. ಕೇಕಿನ ಮೇಜು ಕೌರವನ ಬೆನ್ನ ಹಿಂದೆ ಇತ್ತು.

ಏಳು ಗಂಟೆಗೆ ಕೃಷ್ಣನು ಅರ್ಧ ರಾಜ್ಯವನ್ನು ಬಿಟ್ಟು ಐದು ಗ್ರಾಮಗಳಿಗೆ ಇಳಿದಿದ್ದನು. ಕೌರವನು ಅದನ್ನೂ ನಿರಾಕರಿಸುತ್ತಿದ್ದನು. ಮೇ ತಿಂಗಳ ಸೆಕೆಗೆ ಕೇಕಿನ ಮೇಲಿನ ಗುಲಾಬಿಗಳು ಮೆಲ್ಲಮೆಲ್ಲನೆ ತಟ್ಟೆಗೆ ಇಳಿಯುತ್ತಿದ್ದವು. ಅಷ್ಟು ಹೊತ್ತೂ ನನ್ನ ತೊಡೆಯ ಮೇಲೆ ಕುಳಿತು ಒಂದೇ ಸವನೆ ಆ ಮೇಜನ್ನೇ ನೋಡುತ್ತಿದ್ದ ಕೂಸಿಗೆ, ಈ ದೊಡ್ಡವರ ಜಗಳವೆಲ್ಲ ಕೇಕಿನ ಹಂಚಿಕೆಯದೇ ಎಂದು ಮನವರಿಕೆಯಾಗಿರಬೇಕು. ಅದು ಎದ್ದು ನಿಂತು, ಸಭೆಗೆಲ್ಲ ಕೇಳುವಂತೆ, "ಅಜ್ಜಾ, ಐದೇ ತುಂಡು ಕೊಡಿ, ಸಾಕು" ಎಂದಿತು. ಸಭೆ ಗೊಳ್ಳೆಂದು ನಕ್ಕಿತು. ಬೇರೆ ಯಾರಾದರೂ ಅಲ್ಲಿಗೆ ಮಂಗಳ ಹಾಡುತ್ತಿದ್ದರು. ಆದರೆ ಪಳಗಿದ ಅರ್ಥಧಾರಿಗೆ ಸಿಕ್ಕಿದ ಮಾತನ್ನು ಬಿಡುವ ಅಭ್ಯಾಸವಿಲ್ಲ. "ಬಾಲವಾಕ್ಯವನ್ನು ಮುಂದೆ ಮಾಡಿಕೊಂಡು ಬಂದೆಯಾ, ಕೃಷ್ಣಾ?" ಎಂದು ಕೌರವನು ಆರಂಭಿಸಿದವನು ಮುಕ್ಕಾಲು ಗಂಟೆಯವರೆಗೆ ನಿಲ್ಲಿಸಲಿಲ್ಲ, ಅದಕ್ಕೆ ಕೃಷ್ಣನು ಉತ್ತರ ಕೊಡದಿದ್ದರೆ ಶಿರಾಲಿಯ ಮಾನ ಉಳಿಯುತ್ತಿರಲಿಲ್ಲ. ಭಾವನವರು ಕಣ್ಣಂಚಿನ ನೀರನ್ನು ಒರೆಸಿಕೊಳ್ಳುತ್ತ, "ಇಂಥ ಮಾತು ಸಾವಿರ ಕೊಟ್ಟರೂ ಸಿಗ್ತದ್ಯೇನೋ?" ಎಂದು ನನ್ನ ಬೆನ್ನಿಗೆ ಗುದ್ದಿದರು. ಸಂಧಾನವು ಮುರಿದುಬಿದ್ದಾಗ ಒಂಬತ್ತು ದಾಟಿತ್ತು. ಕೂಸು ನಿದ್ರಿಸಿತ್ತು. ಅದರ ಕೈಗೆ ಚಾಕುವನ್ನು ಕೊಟ್ಟು, ಆ ಕೈಯನ್ನು ನಾವೇ ಹಿಡಿದು ಕೇಕನ್ನು ಕೊಯ್ದೆವು. ಉಳಿದಿದ್ದ ಮಕ್ಕಳಿಗೂ ತೂಕಡಿಕೆಯಾದ್ದರಿಂದ ಮೇಣದ ಬತ್ತಿಗಳನ್ನು ಊದಿದವರು ಭಾವನವರು.

ಆ ಕ್ಷಣದ ಚಿತ್ರವೊಂದು ಮಗಳ ಫೋನಿನಲ್ಲಿದೆ. ಅದನ್ನು ತೋರಿಸುತ್ತ ಅವಳು, ನಿಮ್ಮ ಹುಟ್ಟುಹಬ್ಬ ಯಾವತ್ತು ಮಾವಾ ಎಂದು ಕೇಳಿದಾಗ, ಅವರು ಡೈರಿಯನ್ನು ನೋಡದೆಯೇ, "ಜೂನ್ ಒಂದು" ಎಂದರು. ನಾನು ನಕ್ಕೆ, ಏಕೆಂದರೆ ನನ್ನದೂ ಅದೇ. ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡ ಹುಟ್ಟುದಿನವನ್ನೇ ಜೀವಮಾನವೆಲ್ಲ ಹೊತ್ತು ತಿರುಗಿದವರು ನಮ್ಮ ತಲೆಮಾರಿನಲ್ಲಿ ಮನೆಮನೆಗೂ ಇದ್ದಾರೆ. ಭಾವನವರ ತಾಯಿಗೆ ನೆನಪಿದ್ದುದು ಇಷ್ಟೇ: ಹೊಳೆಗೆ ನೆರೆ ಬಂದಿತ್ತು, ಸೂಲಗಿತ್ತಿಯನ್ನು ದೋಣಿಯಲ್ಲಿ ಕರೆತಂದರು. ಒಂಬತ್ತು ಮಕ್ಕಳ ಮನೆಯಲ್ಲಿ ಮೂರನೆಯವನಿಗೆ ಯಾರು ಎಳ್ಳುಹಾಲು ಕೊಟ್ಟಾರು? ಕರೆಯದೆ ಉಳಿದವನು ಹೊರಗೆ ನಿಂತು ಒಳಗಿನ ಗದ್ದಲವನ್ನು ಕೇಳುವುದು ಹೇಗಿರುತ್ತದೆಂಬುದನ್ನು ಅವರು ಚಿಕ್ಕಂದಿನಲ್ಲಿಯೇ ಚೆನ್ನಾಗಿ ಅರಿತಿರಬೇಕು. ಪಟ್ಟಿಯಿಂದ ಒಬ್ಬರ ಹೆಸರನ್ನು ಹೊಡೆಯುವಂತೆ ಹೇಳಿದಾಗಲೆಲ್ಲ ಅವರ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ನಿಂತು, ಹೊಡೆಯದೆಯೇ ಮುಂದಿನ ಸಾಲಿಗೆ ಹೋಗುತ್ತಿದ್ದುದನ್ನು ನಾನು ನೋಡಿದ್ದೇನೆ.

ಇದರಿಂದ ನನ್ನ ಸಿಟ್ಟು ಇಳಿದಿದೆಯೆಂದು ಯಾರೂ ಭಾವಿಸಕೂಡದು. ಭಾಗವತರ ಸಂಭಾವನೆಯನ್ನು ತಾವೇ ಕೊಟ್ಟುಬಿಟ್ಟಿರುವ ಭಾವನವರು ನಾನು ಎಷ್ಟು ಹೇಳಿದರೂ ಆ ಹಣವನ್ನು ಮುಟ್ಟಲೊಲ್ಲರು. ಬದಲಿಗೆ ನಿನ್ನೆ ಫೋನು ಮಾಡಿ, ಬರುವ ರವಿವಾರ ಕುಮಟೆಯಲ್ಲಿ ತಮ್ಮ ಗೆಳೆಯರೊಬ್ಬರ ಮೊಮ್ಮಗುವಿಗೆ ಕಿವಿ ಚುಚ್ಚುವುದಿದೆಯೆಂದೂ, ನನ್ನ ಹೆಸರನ್ನು ಬಡಿಸುವವರ ಸಾಲಿನಲ್ಲಿ ಬರೆದಾಗಿದೆಯೆಂದೂ, ನಮ್ಮಲ್ಲಿಯೇ ಉಳಿದಿರುವ ಎರಡು ಕೊಪ್ಪರಿಗೆ, ನಾಲ್ಕು ಸೌಟು, ಜಮಖಾನೆಗಳೊಡನೆ ಬೆಳಿಗ್ಗೆ ಏಳರೊಳಗೆ ಹಾಜರಾಗತಕ್ಕದ್ದೆಂದೂ ಅಪ್ಪಣೆ ಕೊಡಿಸಿದ್ದಾರೆ. ಟೆಂಪೋದವನಿಗೆ ಹೇಳಿದ್ದೇನೆ.