ಹದಿಹರೆಯದ ಜಿಲ್ಲೆ: ಒಂದು ಮಹಾಪ್ರಬಂಧದ ಸಾರಲೇಖ

ಹದಿಹರೆಯದವರ ‘ನಾನು’ ಗೆಳೆಯರಿಂದ ರೂಪುಗೊಳ್ಳುತ್ತದೆಂಬುದನ್ನು ಮಕ್ಕಳ ಮೇಲೆ ಪರೀಕ್ಷಿಸುವುದು ಕಷ್ಟ. ಪ್ರಶ್ನಾವಳಿ ಕೊಟ್ಟರೆ ಪಕ್ಕದವನದ್ದು ನೋಡಿ ಬರೆಯುತ್ತಾರೆ. (ಇದೇ ನಮ್ಮ ಮೊದಲ ಪುರಾವೆ.) ಆದಕಾರಣ ಪ್ರಸ್ತುತ ಸಂಶೋಧಕರು ಓಡಿಹೋಗಲಾರದ ಮಾದರಿಯೊಂದನ್ನು ಆಯ್ದುಕೊಂಡಿದ್ದಾರೆ: 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದ ಒಡಲಿನಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸಮೇತ ಹೊರಬಂದ ರಾಮನಗರ ಜಿಲ್ಲೆ.

ರೋಗಿಯ ಪೂರ್ವೇತಿಹಾಸ ಗಂಭೀರವಾಗಿದೆ. ತಾಯಿಬೇರಾದ ರಾಮನಗರ ಪಟ್ಟಣ ಟಿಪ್ಪು ಕಾಲದಲ್ಲಿ ಶಂಷೇರಾಬಾದ್. ಆಮೇಲೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಕಾಲಡಿಯ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. 1975ರ ‘ಶೋಲೆ’ಯಲ್ಲಂತೂ ಈ ಬೆಟ್ಟಸಾಲು ರಾಮಗಢವೆಂಬ ಊರಾಗಿ ನಟಿಸಿ ದೇಶವನ್ನೇ ನಂಬಿಸಿತು. ಪರರ ಕಣ್ಣೇ ನಮ್ಮ ಕನ್ನಡಿ ಎಂದು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿ 1902ರಲ್ಲಿ ವಾದಿಸಿದ್ದು ಇಂಥವರನ್ನು ಕಂಡೇ ಇರಬೇಕು, ಕಂಡಿರಲಿಲ್ಲವೆಂಬುದು ಬೇರೆ ಮಾತು.

ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳು ಈ ಶಾಸ್ತ್ರವನ್ನು ಕೂಲಿಗಿಂತ ಚೊಕ್ಕವಾಗಿ ಬಲ್ಲರು. ತಿರುಗುವ ಆಲೆಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ನಮ್ಮ ಮಾದರಿಗೆ ಉಜ್ಜುತ್ತಿದ್ದ ಕಡ್ಡಿ ಬೆಂಗಳೂರು. ಆ ಗೆಳೆಯನಿಗೆ ಮೆಟ್ರೋ, ವಿಮಾನ ನಿಲ್ದಾಣ, ಗಗನಕ್ಕೇರಿದ ಸೈಟಿನ ಬೆಲೆ. ಇವನಿಗೆ ರೇಷ್ಮೆಗೂಡಿನ ಮಾರುಕಟ್ಟೆ. ಬೆಂಗಳೂರಲ್ಲಿ ಯಾರಾದರೂ ಯಾವೂರೆಂದು ಕೇಳಿದರೆ ‘ಇಲ್ಲೇ, ಬೆಂಗಳೂರ ಪಕ್ಕ’ ಎಂಬ ತೊದಲು.

ನಿರೀಕ್ಷೆಯಂತೆ, ಹದಿನೆಂಟು ತುಂಬುವ ವರ್ಷವೇ ರೋಗ ಉಲ್ಬಣಿಸಿತು: 2025ರಲ್ಲಿ ಜಿಲ್ಲೆ ‘ಬೆಂಗಳೂರು ದಕ್ಷಿಣ’ವಾಯಿತು. ಇಂಥ ವಯಸ್ಸಿನ ಮನೆಗಳಲ್ಲಿ ನಡೆಯುವುದೆಲ್ಲ ಇಲ್ಲೂ ನಡೆಯಿತು. ಮುಖ್ಯಮಂತ್ರಿಯಾಗಿ ಜಿಲ್ಲೆಯನ್ನು ಹುಟ್ಟಿಸಿದ ಕುಮಾರಸ್ವಾಮಿ ಬೇಡವೆಂದರು, ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಬೇಕೇಬೇಕೆಂದರು. ಹೆಸರು ಬದಲಾದರೂ ಕೇಂದ್ರಸ್ಥಾನ ಮಾತ್ರ ರಾಮನಗರವೇ. ಕೂದಲಿಗೆ ಬಣ್ಣ ಹಚ್ಚಿಕೊಂಡ ಹುಡುಗ ಊಟಕ್ಕೆ ಮನೆಗೇ ಬರುತ್ತಾನೆ. ಹೆಸರು ಬದಲಿಸಿದ್ದನ್ನು ಹಂಗಿಸುವವರು ಗಮನಿಸಲಿ: ಹದಿಹರೆಯದ ಅಸ್ಮಿತೆಯ ಬಿಕ್ಕಟ್ಟಿನ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಎರಿಕ್ ಎರಿಕ್‌ಸನ್, ಆ ಎರಿಕ್‌ಸನ್ ಎಂಬ ಮನೆತನದ ಹೆಸರನ್ನು ದೊಡ್ಡವನಾದ ಮೇಲೆ ತಾನೇ ಇಟ್ಟುಕೊಂಡದ್ದು.

ಒಂದು ತೊಡಕು ಉಳಿದಿದೆ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದಾಗ ಕೆಂಪೇಗೌಡರ ವಂಶ ಬಂದು ನೆಲೆಸಿದ್ದು ಮಾಗಡಿಯಲ್ಲಿ. ಹಾಗಿರುವಾಗ ಯಾರು ಯಾರ ಹೆಸರು ಹಾಕಿಕೊಳ್ಳಬೇಕಿತ್ತೆಂಬ ಪ್ರಶ್ನೆಯನ್ನು ಅಲ್ಲಿನ ಟೀ ಅಂಗಡಿಗಳಲ್ಲಿ ಎತ್ತಬಾರದೆಂದು ಮಾರ್ಗದರ್ಶಕರು ಎಚ್ಚರಿಸಿದ್ದರಿಂದ, ಮಾಗಡಿ ತಾಲ್ಲೂಕಿನ ಕ್ಷೇತ್ರಕಾರ್ಯ ಬಾಕಿ ಇದೆ.